ಬೋರ್ಡಿನ ಮೇಲಿನ ಇಸವಿ

ಚೆನ್ನೈಯ ಹಳೆಯ ಬೀದಿಗಳಲ್ಲಿ ನಡೆದಾಡುವವರು ಕೆಲವು ಹೋಟೆಲುಗಳ ಬೋರ್ಡಿನ ಮೇಲೆ, ಹೆಸರಿನ ಕೆಳಗೆ, ಒಂದು ಇಸವಿಯನ್ನು ಬರೆಯಿಸಿರುವುದನ್ನು ಕಂಡಿರಬಹುದು. ಇಂತಹ ವರ್ಷದಲ್ಲಿ ಸ್ಥಾಪಿತವಾದದ್ದು ಎಂಬ ಆ ಒಂದು ಸಾಲು ಅಲ್ಪವಾದದ್ದಲ್ಲ. ಕೊಠಡಿಯ ಬಾಡಿಗೆಯಲ್ಲಿ ಅದಕ್ಕೂ ಒಂದು ಪಾಲುಂಟು. ಊರಿನಿಂದ ಬಂದ ಪ್ರಯಾಣಿಕನು ಪಕ್ಕದಲ್ಲಿಯೇ ಇರುವ ಹೊಸ ಲಾಡ್ಜನ್ನು ಬಿಟ್ಟು ಹಳೆಯ ಬಾಗಿಲನ್ನು ಹುಡುಕಿಕೊಂಡು ಬರುವುದು ಆ ಸಾಲನ್ನು ನಂಬಿ. ನಮ್ಮ ದೃಷ್ಟಿಯಲ್ಲಿ ಆ ಇಸವಿಯು ಒಂದು ಹುಂಡಿಯಿದ್ದಂತೆ. ಬರೆದುಕೊಟ್ಟ ಹಿರಿಯರು ಕಾಲವಾಗಿರಬಹುದು. ಆದರೆ ಅದನ್ನು ಬಾಗಿಲಿನ ಮೇಲೆ ತೂಗುಹಾಕಿಕೊಂಡು ವ್ಯಾಪಾರ ಮಾಡತಕ್ಕವರು, ಹಿಡಿದು ತಂದವನಿಗೆ ಅದನ್ನು ಸಲ್ಲಿಸಲೇಬೇಕು. ಈಚೆಗೆ ಇಂತಹ ಹುಂಡಿಗಳು ಅಲ್ಲಲ್ಲಿ ಸಲ್ಲದೆ ಮರಳುತ್ತಿವೆ. ಆ ವಿಷಯವಾಗಿ ನಮ್ಮ ಹೋಟೆಲ್ ಕಾರ್ಮಿಕ ಬಂಧುಗಳೊಡನೆಯೂ ಗುಮಾಸ್ತ ಮಿತ್ರರೊಡನೆಯೂ ಎರಡು ಮಾತನ್ನಾಡಬೇಕೆಂದು ಲೇಖನಿಯನ್ನು ಹಿಡಿದಿದ್ದೇವೆ.

ಕುಂದಾಪುರದ ಕಡೆಯ ಹಿರಿಯರೊಬ್ಬರು ಸಂಬಂಧದಲ್ಲಿ ನಮಗೆ ಮಾವನಾಗಬೇಕು. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ವಯಸ್ಸು ಎಪ್ಪತ್ತನ್ನು ದಾಟಿದೆ. ಅವರ ತಂದೆಯವರು 1950ರ ದಶಕದಲ್ಲಿ ಮದರಾಸಿನ ಒಂದು ಹೆಸರಾಂತ ಹೋಟೆಲಿನಲ್ಲಿ ಕ್ಲೀನರಾಗಿ ಸೇರಿ, ಸಪ್ಲೈಯರಾಗಿ, ಇಪ್ಪತ್ತು ವರ್ಷಗಳಿಗೂ ಮಿಕ್ಕಿ ದುಡಿದರು. ಅಲ್ಲಿಂದ ಬಂದ ಮನಿಯಾರ್ಡರಿನಿಂದಲೇ ಮಾವನವರ ವಿದ್ಯಾಭ್ಯಾಸ ನಡೆಯಿತು. ತಂದೆ ಎಂಜಲೆಲೆ ತೆಗೆದ ಮನೆಯಲ್ಲಿ ತಾವು ಒಂದೆರಡು ರಾತ್ರಿ ಅತಿಥಿಯಾಗಿ ತಂಗಬೇಕೆಂಬುದು ಅವರಿಗೆ ಬಹುಕಾಲದಿಂದ ಇದ್ದ ಆಸೆ. ಪಿಂಚಣಿಯ ಹಣದಲ್ಲಿ ಉಳಿಸಿ, ಕೊಠಡಿಯನ್ನು ಮುಂಚಿತವಾಗಿ ಗೊತ್ತುಮಾಡಿಕೊಂಡು ಬಂದರು. ವಯಸ್ಸಾದವರೊಬ್ಬರೇ ಇರಬಾರದೆಂದು ನಾವೂ ಅವರೊಡನೆ ಎರಡು ರಾತ್ರಿ ಅಲ್ಲಿ ಉಳಿದೆವು. ಆ ಹೋಟೆಲಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಈ ಲೇಖನದಲ್ಲಿ ಮುಂದೆ ಹೆಸರಿಸುವ ಯಾವ ಸಂಸ್ಥೆಯೂ ಅದಲ್ಲ ಎಂಬುದನ್ನು ಮಾತ್ರ ವಾಚಕರು ಗಮನಿಸಬೇಕು.

ಹಜಾರದಲ್ಲಿ ಸ್ಥಾಪಕರ ದೊಡ್ಡ ಭಾವಚಿತ್ರ. ಅದಕ್ಕೆ ಪ್ಲಾಸ್ಟಿಕ್ ಹೂವಿನ ಹಾರ, ಮುಂದೆ ಒಂದು ಕೆಂಪು ದೀಪ. ಅದರ ಕೆಳಗೆ ಸ್ಪ್ರಿಂಗು ಕಿತ್ತುಬಂದ ಸೋಫಾದ ಮೇಲೆ ನಲವತ್ತು ನಿಮಿಷ ಕಾದ ಬಳಿಕ ಕೊಠಡಿಯ ಬೀಗದಕೈ ಸಿಕ್ಕಿತು. ದಿಂಬಿನ ಮೇಲೆ ಹಿಂದೆ ಮಲಗಿದ್ದವರ ಕೂದಲಿತ್ತು. ಸ್ನಾನದ ಮನೆಯ ನಲ್ಲಿ ರಾತ್ರಿಯಿಡೀ ತೊಟ್ಟಿಕ್ಕಿತು. ಬಿಸಿನೀರು ಬೆಳಗ್ಗೆ ಒಂದು ಗಂಟೆಯ ಹೊತ್ತು ಮಾತ್ರ ಎಂಬುದು, ಆ ಗಂಟೆ ಕಳೆದ ಮೇಲೆ ನಮಗೆ ತಿಳಿಯಿತು. ತಿಂಡಿಯ ಸಂಗತಿಯನ್ನು ಹೇಳುವುದಕ್ಕೆ, ಈ ಕಸುಬಿನಲ್ಲಿಯೇ ಬೆಳೆದ ನಮಗೆ, ಸಂಕಟವಾಗುತ್ತದೆ. ಇಡ್ಲಿ ತಣ್ಣಗಿತ್ತು. ಸಾಂಬಾರು ಹಿಂದಿನ ದಿನದ್ದು. ಇಳಿಸಿಟ್ಟ ಡಿಕಾಕ್ಷನ್ನನ್ನು ಮತ್ತೆ ಒಲೆಯ ಮೇಲಿಟ್ಟರೆ ಬರುವ ವಾಸನೆಯನ್ನು ಹೋಟೆಲು ನಡೆಸಿದವನು ಬಾಗಿಲಿನಿಂದಲೇ ಗುರುತಿಸಬಲ್ಲ. ಆ ವಾಸನೆ ಅಲ್ಲಿತ್ತು. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆ ನೆನಪಿಗೆ ಬಂತು.

ಇಷ್ಟನ್ನೇ ಬರೆದು ನಿಲ್ಲಿಸಿದರೆ ಇದು ಒಬ್ಬ ಗಿರಾಕಿಯ ದೂರು ಮಾತ್ರವಾದೀತು. ನಮ್ಮ ಮನಸ್ಸಿನಲ್ಲಿ ಉಳಿದುದು ಬೇರೆಯ ಸಂಗತಿ. ಎರಡು ಮಹಡಿಯ ಕೊಠಡಿಗಳಿಗೆ ಒಬ್ಬನೇ ರೂಂ ಬಾಯ್. ಇಪ್ಪತ್ತು ವರ್ಷದ ಹುಡುಗ. ಅವನ ಎದೆಯ ಮೇಲಿದ್ದ ಹೆಸರಿನ ಪಟ್ಟಿಯನ್ನು ನೋಡಿ ಮಾವನವರು ಹೆಸರು ಹಿಡಿದು ಕರೆದರು. ಹುಡುಗ ತಿರುಗಿ ನೋಡಲಿಲ್ಲ. ಆ ಹೆಸರು ಅವನದಾಗಿರಲಿಲ್ಲ. ಅವನಿಗಿಂತ ಹಿಂದೆ ಅದೇ ಅಂಗಿಯನ್ನು ತೊಟ್ಟು ಕೆಲಸ ಬಿಟ್ಟು ಹೋದವನದು. ಒಡಿಶಾದ ಗಂಜಾಂ ಜಿಲ್ಲೆಯವನು. ಗುತ್ತಿಗೆದಾರನ ಮೂಲಕ ಬಂದು ಐದು ವಾರಗಳಾಗಿದ್ದವು. ಹಜಾರದ ಭಾವಚಿತ್ರದಲ್ಲಿರುವವರು ಯಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಎಲ್ಲಿ ಮಲಗುತ್ತೀಯಪ್ಪಾ ಎಂದು ಮಾವನವರು ತಮಗೆ ಬರುವ ಹಿಂದಿಯಲ್ಲಿ ಕೇಳಿದರು. ಮೇಲೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ ಎಂದ. ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಅಪ್ಪಯ್ಯನೂ ಅಲ್ಲಿಯೇ ಮಲಗುತ್ತಿದ್ದದ್ದು” ಎಂದು ನಮ್ಮೊಡನೆ ಹೇಳಿದರು. ಆ ಕಟ್ಟಡದಲ್ಲಿ ಎಪ್ಪತ್ತು ವರ್ಷಗಳಿಂದ ಬದಲಾಗದೆ ಉಳಿದುಬಂದಿದ್ದ ಪರಂಪರೆ ಅದೊಂದೇ ಎಂದು ನಮಗೆ ತೋರಿತು.

ಹಿಂದಿನದೆಲ್ಲ ಚೆನ್ನಾಗಿತ್ತು, ಇಂದಿನದೆಲ್ಲ ಕೆಟ್ಟಿತು ಎಂದು ಹಲುಬುವವರ ಸಾಲಿಗೆ ನಾವು ಸೇರಿದವರಲ್ಲ. ಕರಾವಳಿಯಿಂದ ಬಂದ ಎಳೆಯ ಹುಡುಗರು ನಸುಕಿಗೆ ಎದ್ದು ನಡುರಾತ್ರಿಯವರೆಗೆ ಲೋಟ ತೊಳೆದ ಕಥೆ ನಮ್ಮ ಮನೆಮನೆಗಳಲ್ಲಿ ಇದೆ. ಹೋಟೆಲ್ ನೌಕರನ ದುಡಿಮೆಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಈ ರಾಜ್ಯದಲ್ಲಿ 1958ರ ಕೇಟರಿಂಗ್ ಸಂಸ್ಥೆಗಳ ಕಾಯ್ದೆ ಹಾಕಿತು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಧಾಬಾಗಳಲ್ಲಿ ದುಡಿಸಕೂಡದೆಂಬ ಕೇಂದ್ರ ಸರ್ಕಾರದ ನಿಷೇಧ 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಇವು ಬಂದುದು ಬಹಳ ಒಳ್ಳೆಯದಾಯಿತು. ಹಳೆಯ ಹೋಟೆಲಿನ ಹಿರಿಮೆಯನ್ನು ಹಾಡುವಾಗ ಆ ಹುಡುಗರ ಬೆನ್ನುನೋವನ್ನು ಮರೆತು ಹಾಡುವುದು ನ್ಯಾಯವಲ್ಲ.

ಆದರೂ ಅಂದಿನ ಹುಡುಗನಿಗೆ ಒಂದು ಏಣಿ ಇತ್ತು. ಎಂಜಲೆಲೆ ತೆಗೆಯುವವನು ನಾಲ್ಕಾರು ವರ್ಷಗಳಲ್ಲಿ ಸಪ್ಲೈಯರಾಗುತ್ತಿದ್ದ. ಅಡಿಗೆಯ ಭಟ್ಟರ ಕೈಕೆಳಗೆ ನಿಂತು ಹಿಟ್ಟಿನ ಹದ ಕಲಿಯುತ್ತಿದ್ದ. ನಂಬಿಕೆ ಬಂದ ಮೇಲೆ ಗಲ್ಲಾಪೆಟ್ಟಿಗೆಯ ಬಳಿ ಕೂಡುತ್ತಿದ್ದ. ಧೈರ್ಯವಿದ್ದರೆ ಎಲ್ಲಿಯೋ ಒಂದು ಮೂಲೆಯಲ್ಲಿ ತಾನೇ ನಾಲ್ಕು ಮೇಜು ಹಾಕಿ ಯಜಮಾನನಾಗುತ್ತಿದ್ದ. ಕಡಂದಲೆಯ ಕೆ. ಕೃಷ್ಣರಾಯರ ಜೀವನವು ಇದಕ್ಕೆ ಎಲ್ಲರೂ ಬಲ್ಲ ನಿದರ್ಶನ. ಅಡಿಗೆಮನೆಯ ಸಣ್ಣ ಕೆಲಸಗಳಿಂದ ಮೇಲೆ ಬಂದ ಅವರು, 1930ರ ದಶಕದ ಕೊನೆಯಲ್ಲಿ ರಾಯಪೇಟೆಯಲ್ಲಿ ರಾಮನಾಡಿನ ರಾಜರಿಗೆ ಸೇರಿದ್ದ ಬಂಗಲೆಯನ್ನು ಗೇಣಿಗೆ ಹಿಡಿದು ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದರು. 1952ರಲ್ಲಿ, ಇಂದು ಡಾ. ರಾಧಾಕೃಷ್ಣನ್ ಸಾಲೈ ಎಂದು ಕರೆಯುವ ಅಂದಿನ ಎಡ್ವರ್ಡ್ ಎಲಿಯಟ್ಸ್ ರಸ್ತೆಯಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ಬಂತು. ಅದೇ ದಶಕದಲ್ಲಿ ಕೆ. ಸೀತಾರಾಮರಾಯರ ದಾಸಪ್ರಕಾಶ ಪೂನಮಲ್ಲಿ ಹೈರೋಡಿನಲ್ಲಿ ತಲೆಯೆತ್ತಿ ನಿಂತಿತು. ಇಂತಹ ಮನೆಗಳಲ್ಲಿ ಕೆಲಸ ಕಲಿತವನು ‘ನಾನು ಇಂಥಲ್ಲಿ ಇದ್ದವನು’ ಎಂದು ಹೇಳಿದರೆ ಬೇರೆ ಊರಿನಲ್ಲಿ ಅದೇ ಅವನಿಗೆ ಶಿಫಾರಸು ಪತ್ರವಾಗುತ್ತಿತ್ತು. ಹೋಟೆಲಿನ ಹೆಸರು ನೌಕರನಿಗೆ ಅನ್ನ ಕೊಟ್ಟಿತು. ನೌಕರನ ಕೈಚಳಕ ಹೋಟೆಲಿಗೆ ಹೆಸರು ಕೊಟ್ಟಿತು.

ಈ ಕೊಡುಕೊಳೆ ನಿಂತುಹೋದುದೇ ಇಂದಿನ ರೋಗದ ಮೂಲವೆಂಬುದು ನಮ್ಮ ಅಭಿಪ್ರಾಯ. ಹಳೆಯ ಹೋಟೆಲಿನ ವಿದ್ಯೆ ಕಾಗದದ ಮೇಲೆ ಬರೆದಿಟ್ಟುದಲ್ಲ. ಯಾವ ಕೊಠಡಿಯ ನಲ್ಲಿ ಮಳೆಗಾಲದಲ್ಲಿ ಕೆಡುತ್ತದೆ, ಯಾವ ಕಿಟಕಿಯ ಕೀಲು ಎಣ್ಣೆ ಬೇಡುತ್ತದೆ, ಚೆನ್ನೈಯ ಮೇ ತಿಂಗಳ ಸೆಕೆಯಲ್ಲಿ ಇಡ್ಲಿಯ ಹಿಟ್ಟು ಎಷ್ಟು ಬೇಗ ಹುಳಿಯೇರುತ್ತದೆ, ವರ್ಷಕ್ಕೊಮ್ಮೆ ಬರುವ ಅತಿಥಿಗೆ ಸಕ್ಕರೆಯಿಲ್ಲದ ಕಾಫಿ ಬೇಕು ಎಂಬುದೆಲ್ಲ ಒಬ್ಬ ನೌಕರನಿಂದ ಮತ್ತೊಬ್ಬನಿಗೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬರತಕ್ಕದ್ದು. ಮೂರು ತಿಂಗಳಿಗೊಮ್ಮೆ ಕೈಗಳು ಬದಲಾದರೆ ಈ ವಿದ್ಯೆ ಯಾರಲ್ಲಿ ಉಳಿಯಬೇಕು? ಹೆಸರಿನ ಪಟ್ಟಿಯನ್ನು ಕೂಡ ಬದಲಾಯಿಸದೆ ಹೊಸಬನ ಎದೆಗೆ ಚುಚ್ಚುವ ಆಡಳಿತಕ್ಕೆ, ಅವನು ತಮ್ಮ ಅತಿಥಿಯ ಹೆಸರನ್ನು ನೆನಪಿಡಲಿ ಎಂದು ನಿರೀಕ್ಷಿಸುವ ಹಕ್ಕು ಎಲ್ಲಿದೆ? ಆ ಹುಡುಗನು ಸೋಮಾರಿಯಾಗಿರಲಿಲ್ಲ. ಎರಡು ಮಹಡಿಗಳನ್ನು ಓಡಾಡಿ ಅವನ ಕಾಲು ಸೋತಿತ್ತು. ದಿಂಬಿನ ಮೇಲಿನ ಕೂದಲನ್ನು ತೆಗೆಯಲು ಬೇಕಾದ ಐದು ನಿಮಿಷವನ್ನು ಆಡಳಿತದವರು ಅವನಿಗೆ ಕೊಟ್ಟಿರಲಿಲ್ಲ.

ಯಜಮಾನರ ಪಕ್ಷದಲ್ಲಿಯೂ ಹೇಳತಕ್ಕ ಮಾತುಗಳುಂಟು. ನಾವೂ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ತಿಂಗಳ ಕೊನೆಯನ್ನು ಕಂಡವರೇ. ಊರಿನ ನಡುವಿನ ನೆಲದ ಬೆಲೆ ಆಕಾಶಕ್ಕೇರಿದೆ. ಹಳೆಯ ಕಟ್ಟಡದ ರಿಪೇರಿಗೆ ಹೊಸ ಕಟ್ಟಡಕ್ಕಿಂತ ಹೆಚ್ಚು ಹಣ ಬೇಕು. ಅಣ್ಣತಮ್ಮಂದಿರಲ್ಲಿ ಪಾಲಾದ ಆಸ್ತಿಯಲ್ಲಿ ಖರ್ಚು ಮಾಡಲು ಯಾರೂ ಮುಂದಾಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಕಡೆಯ ಹುಡುಗರೇ ಈ ಕೆಲಸಕ್ಕೆ ಬರುತ್ತಿಲ್ಲ, ನಾವೇನು ಮಾಡೋಣ ಎಂದು ಅವರು ಕೇಳುತ್ತಾರೆ. ನಮ್ಮ ಹುಡುಗರು ಬರುತ್ತಿಲ್ಲವೆಂಬುದು ನಿಜ. ಅದು ದುಃಖಪಡಬೇಕಾದ ಸಂಗತಿಯಲ್ಲ. ಸಪ್ಲೈಯರನ ಮಗ ಬ್ಯಾಂಕಿಗೆ ಹೋದ, ಅವನ ಮಗಳು ಇಂಜಿನಿಯರಾದಳು. ಮನಿಯಾರ್ಡರ್ ಕಳುಹಿಸಿದವರು ಬಯಸಿದ್ದು ಅದನ್ನೇ ಅಲ್ಲವೆ?

ಆದರೆ ಹೊರಗಿನ ಹುಡುಗರಿಂದ ಹೋಟೆಲು ಕೆಟ್ಟಿತೆಂಬ ಮಾತನ್ನು, ಅದನ್ನು ನಮ್ಮವರೇ ಆಡಿದರೂ, ನಾವು ಒಪ್ಪಲಾರೆವು. ಉಡುಪಿ, ಕುಂದಾಪುರಗಳಿಂದ ಹೊರಟು ಮದರಾಸಿಗೆ ಬಂದಿಳಿದ ನಮ್ಮ ಹಿರಿಯರಲ್ಲಿ ಎಷ್ಟು ಮಂದಿಗೆ ತಮಿಳು ಬರುತ್ತಿತ್ತು? ಈ ಊರಿನ ಗಿರಾಕಿಗೆ ಸಾಂಬಾರಿನಲ್ಲಿ ಬೆಲ್ಲ ಸೇರದೆಂಬುದನ್ನು ಅವರಿಗೆ ಯಾರೋ ಕಲಿಸಿದರು, ಅವರು ಕಲಿತರು. ಗಂಜಾಮಿನ ಹುಡುಗನಿಗೂ ಎರಡು ಕೈಗಳಿವೆ, ಊರಿನಲ್ಲಿ ಹಣಕ್ಕೆ ಕಾಯುವ ತಾಯಿಯಿದ್ದಾಳೆ. ನಮ್ಮವರಿಗೆ ಸಿಕ್ಕಿದ ಏಣಿ ಅವನಿಗೆ ಸಿಕ್ಕಿದರೆ ಅವನೂ ಹಿಟ್ಟಿನ ಹದ ಕಲಿಯುತ್ತಾನೆ. ವಲಸೆ ಬಂದು ಬದುಕಿದ ಜನರು ನಾವು. ಮತ್ತೊಬ್ಬ ವಲಸೆಗಾರನನ್ನು ಹೀಗಳೆಯುವುದು ನಮಗೆ ಶೋಭಿಸುವುದಿಲ್ಲ.

ಹೋಟೆಲಿನ ಇತಿಹಾಸವು ಗೋಡೆಯಲ್ಲಿದೆಯೆ, ಕೆಲಸದವರಲ್ಲಿದೆಯೆ ಎಂಬುದಕ್ಕೆ ಈ ಊರಿನಲ್ಲಿಯೇ ಒಂದು ಸಾಕ್ಷಿಯಿದೆ. ಕೆಥೀಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ 1962ರಲ್ಲಿ ಆರಂಭವಾಯಿತು. ಮರಗಳ ನೆರಳಿನಲ್ಲಿ ಕಾರು ನಿಲ್ಲಿಸಿಕೊಂಡವರಿಗೆ ತಟ್ಟೆಯನ್ನು ತಂದುಕೊಡುತ್ತಿದ್ದ ಆ ಸ್ಥಳದಲ್ಲಿ ಅರಮನೆಯ ಕಂಬಗಳಾಗಲಿ ಕೆತ್ತನೆಯ ಬಾಗಿಲುಗಳಾಗಲಿ ಇರಲಿಲ್ಲ. ಸರ್ಕಾರವು ಜಮೀನನ್ನು ಹಿಂದಕ್ಕೆ ಪಡೆದುದರಿಂದ 2008ರಲ್ಲಿ ಅದು ಮುಚ್ಚಿತು. 2010ರ ನವೆಂಬರಿನಲ್ಲಿ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ತೆರೆಯಿತು. ಇಂದು ಅಲ್ಲಿ ಒಂದು ಒಲೆಯೂ ಇಲ್ಲ. ಆದರೂ ಚೆನ್ನೈಯ ಹಳಬರನ್ನು ಕೇಳಿರಿ. ಅಲ್ಲಿಯ ಕಾಫಿಯನ್ನೂ ತಟ್ಟೆ ಹಿಡಿದು ಬರುತ್ತಿದ್ದ ಸಪ್ಲೈಯರನ ಮುಖವನ್ನೂ ಇಂದಿಗೂ ನೆನೆಯುತ್ತಾರೆ. ಅದು ಬಾಗಿಲು ಮುಚ್ಚಿಯೂ ಹೆಸರನ್ನು ಉಳಿಸಿಕೊಂಡ ಹೋಟೆಲು. ನಾವು ತಂಗಿದ್ದುದು ಬಾಗಿಲು ತೆರೆದುಕೊಂಡೇ ಹೆಸರನ್ನು ಕಳೆದುಕೊಳ್ಳುತ್ತಿರುವ ಹೋಟೆಲು. ಇವೆರಡರಲ್ಲಿ ಯಾವುದರ ಗತಿ ಹೆಚ್ಚು ಶೋಚನೀಯವೆಂಬುದನ್ನು ವಾಚಕರೇ ನಿರ್ಣಯಿಸಲಿ.

ಮುಂಬಯಿಯ ತಾಜ್ ಮಹಲ್ ಹೋಟೆಲು 1903ರಲ್ಲಿ ಆರಂಭವಾದದ್ದು. 2008ರ ನವೆಂಬರ್ 26ರ ರಾತ್ರಿ ಉಗ್ರರು ಅದರೊಳಗೆ ನುಗ್ಗಿ ಗುಂಡು ಹಾರಿಸಿ ಬೆಂಕಿಯಿಟ್ಟಾಗ, ಓಡಿಹೋಗಬಹುದಾಗಿದ್ದ ಅಡಿಗೆಯವರೂ ಸಪ್ಲೈಯರುಗಳೂ ಅತಿಥಿಗಳನ್ನು ಪಾರುಮಾಡಲು ನಿಂತರು. ಅವರಲ್ಲಿ ಹಲವರು ಪ್ರಾಣ ತೆತ್ತರು. ಹಳೆಯ ಕಟ್ಟಡವು ಸುಟ್ಟ ಭಾಗಗಳನ್ನು ಸರಿಪಡಿಸಿಕೊಂಡು 2010ರ ಆಗಸ್ಟ್ 15ರಂದು ಮತ್ತೆ ತೆರೆಯಿತು. ಅಂದು ಗುಮ್ಮಟದ ಕೆಳಗೆ ಬೆಂಕಿ ಉರಿಯುತ್ತಿದ್ದಾಗ ಆ ಹೋಟೆಲಿನ ನೂರು ವರ್ಷದ ಹೆಸರನ್ನು ಹೊತ್ತು ನಿಂತವರು ಸಂಬಳಕ್ಕೆ ದುಡಿಯುವ ನೌಕರರು. ಐದು ವಾರದ ಹಿಂದೆ ಗುತ್ತಿಗೆದಾರನು ತಂದುಬಿಟ್ಟು, ತನ್ನ ಹೆಸರಿನಿಂದ ಕೂಡ ಯಾರೂ ಕರೆಯದ ಹುಡುಗನಿಂದ ಅಂತಹ ನಿಷ್ಠೆಯನ್ನು ಬೇಡುವುದು ಹೇಗೆ?

ಇನ್ನೊಂದು ಉದಾಹರಣೆ ಬೆಂಗಳೂರಿನದು. 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿಯ ಉಪಾಹಾರಗೃಹಗಳನ್ನು ನೋಡಿ ಬಂದರು. ಬಂದ ಮೇಲೆ ತಟ್ಟೆ ಲೋಟಗಳನ್ನು ಹಬೆಯಲ್ಲಿ ಶುದ್ಧಮಾಡುವ ಪದ್ಧತಿಯನ್ನು ತಂದರು; ಗಿರಾಕಿಗಳು ಅಡಿಗೆಮನೆಯನ್ನು ಕಣ್ಣಾರೆ ಕಂಡು ಒಳಗೆ ಬರುವಂತೆ ಮಾಡಿದರು. ಆಗ ಅವರ ಹೋಟೆಲಿಗೆ ಇಪ್ಪತ್ತೇಳು ವರ್ಷ; ಹೆಸರು ಆಗಲೇ ಬಂದಿತ್ತು. ಬಂದ ಹೆಸರನ್ನು ಚೌಕಟ್ಟು ಹಾಕಿಸಿ ಗೋಡೆಗೆ ಹೊಡೆದು ಅವರು ಸುಮ್ಮನೆ ಕೂಡಲಿಲ್ಲ. ಸಿಂಗಪುರದ ರಾಫಲ್ಸ್ ಹೋಟೆಲು 1887ರದು. ರಿಪೇರಿ ಬೇಕಾದಾಗ ಅದರ ಒಡೆಯರು 1989ರಲ್ಲಿ ಬಾಗಿಲು ಹಾಕಿ 1991ರಲ್ಲಿ ತೆರೆದರು. 2017ರಲ್ಲಿ ಮತ್ತೆ ಕೆಲಸ ಹಿಡಿದು 2019ರಲ್ಲಿ ತೆರೆದರು. ಅಷ್ಟು ಹಣ ನಮ್ಮ ಯಜಮಾನರಲ್ಲಿ ಇಲ್ಲದಿರಬಹುದು. ಕೆಟ್ಟ ಕೊಠಡಿಯನ್ನು ಬಾಡಿಗೆಗೆ ಕೊಡುವುದಕ್ಕಿಂತ ಅದಕ್ಕೆ ಬೀಗ ಹಾಕುವುದು ಮೇಲೆಂಬ ಬುದ್ಧಿಗೆ ಹಣ ಬೇಕಾಗಿಲ್ಲ.

ನಮ್ಮ ದೇಶದ ಪ್ರವಾಸೋದ್ಯಮ ಇಲಾಖೆಯವರು 1950ಕ್ಕೆ ಮೊದಲು ಕಟ್ಟಿದ ಅರಮನೆ, ಕೋಟೆ, ಬಂಗಲೆಗಳಲ್ಲಿ ನಡೆಯುವ ಹೋಟೆಲುಗಳಿಗೆ ‘ಹೆರಿಟೇಜ್’ ಎಂಬ ದರ್ಜೆಯನ್ನು ಕೊಡುತ್ತಾರೆ. ಲೆಕ್ಕವು ಗೋಡೆಯ ವಯಸ್ಸಿನಿಂದ ಮೊದಲಾಗುತ್ತದೆ. ನಾವು ಇದರೊಡನೆ ಮತ್ತೊಂದು ಲೆಕ್ಕವನ್ನು ಸೇರಿಸಬೇಕೆನ್ನುತ್ತೇವೆ. ಈ ಹೋಟೆಲಿನಲ್ಲಿ ಹತ್ತು ವರ್ಷ ಕಳೆದ ನೌಕರರು ಎಷ್ಟು ಮಂದಿ? ಅವರಲ್ಲಿ ಪ್ರಾವಿಡೆಂಟ್ ಫಂಡಿನ ಲೆಕ್ಕ ಎಷ್ಟು ಮಂದಿಗಿದೆ? ರಾತ್ರಿ ಅವರು ಮಲಗುವ ಜಾಗಕ್ಕೆ ಸೂರುಂಟೆ, ಫ್ಯಾನುಂಟೆ? ಈ ಪ್ರಶ್ನೆಗಳಿಗೆ ಸಮಾಧಾನಕರವಾದ ಉತ್ತರ ಕೊಡುವ ಹೋಟೆಲಿನಲ್ಲಿ ದಿಂಬಿನ ಮೇಲೆ ಕೂದಲು ಇರುವುದಿಲ್ಲವೆಂದು ನಾವು ಧೈರ್ಯವಾಗಿ ಹೇಳಬಲ್ಲೆವು.

ಆದಕಾರಣ ಹಳೆಯ ಹೆಸರಿನ ಯಜಮಾನರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಕೊಠಡಿಗಳ ಕೆಲಸವನ್ನೂ ಅಡಿಗೆಯ ಕೆಲಸವನ್ನೂ ಗುತ್ತಿಗೆಗೆ ಬಿಡಬೇಡಿರಿ. ಬಂದವನನ್ನು ನಿಮ್ಮವನನ್ನಾಗಿ ಮಾಡಿಕೊಳ್ಳಿರಿ. ಅವನ ಹೆಸರನ್ನು ಅವನ ಎದೆಯ ಮೇಲೆ ಬರೆಯಿಸಿರಿ. ಮಾಳಿಗೆಯ ಟ್ಯಾಂಕಿನ ಪಕ್ಕದಿಂದ ಅವನ ಹಾಸಿಗೆಯನ್ನು ಒಂದು ಕೋಣೆಯೊಳಕ್ಕೆ ತನ್ನಿರಿ. ಕಲಿತವನಿಗೆ ಮುಂದಿನ ಮೆಟ್ಟಿಲನ್ನು ತೋರಿಸಿರಿ. ಇದಾವುದೂ ಸಾಧ್ಯವಿಲ್ಲವಾದರೆ ವ್ಯಾಪಾರವನ್ನು ಮುಂದುವರಿಸಲು ಅಡ್ಡಿಯಿಲ್ಲ. ಬೋರ್ಡಿನ ಮೇಲಿನ ಇಸವಿಯನ್ನು ಮಾತ್ರ ಅಳಿಸಿಬಿಡಿರಿ, ಆ ಇಸವಿಯ ಹೆಸರಿನಲ್ಲಿ ಪಡೆಯುವ ಹೆಚ್ಚಿನ ಬಾಡಿಗೆಯನ್ನೂ ಬಿಟ್ಟುಬಿಡಿರಿ.

ಇಂದಿಗೂ ಈ ಕಸುಬಿನಲ್ಲಿರುವ ನಮ್ಮ ಕಾರ್ಮಿಕ ಬಂಧುಗಳಲ್ಲಿಯೂ ಒಂದು ಮಾತು. ನಿಮ್ಮಲ್ಲಿ ಹಳಬರಾದವರು ಹೊಸ ಹುಡುಗನಿಗೆ ಕೆಲಸ ಕಲಿಸಿರಿ. ಅವನಿಗೆ ಕನ್ನಡ ಬಾರದು, ನಿಮಗೆ ಒಡಿಯಾ ಬಾರದು. ದೋಸೆಯ ಹೆಂಚಿಗೆ ಎರಡೂ ಬೇಕಾಗಿಲ್ಲ. ಕಲಿಸಿದರೆ ತಮ್ಮ ಸ್ಥಾನ ಹೋದೀತೆಂಬ ಅಂಜಿಕೆ ಕೆಲವರಲ್ಲಿ ಉಂಟು. ಹೆಸರು ಕೆಟ್ಟು ಹೋಟೆಲು ಮುಚ್ಚಿದ ದಿನ ಹಳಬನ ಸ್ಥಾನವೂ ಹೊಸಬನ ಸ್ಥಾನವೂ ಒಟ್ಟಿಗೇ ಹೋಗುತ್ತವೆ ಎಂಬುದನ್ನು ನೆನಪಿಡಬೇಕು.

ಗುಮಾಸ್ತ ಮಿತ್ರರು ಬಹುಪಾಲು ಗಿರಾಕಿಗಳ ಸ್ಥಾನದಲ್ಲಿರುವವರು. ಕೊಠಡಿ ಕೊಳಕಾಗಿದ್ದರೆ ಕೈಗೆ ಸಿಕ್ಕಿದ ಹುಡುಗನ ಮೇಲೆ ರೇಗಾಡಿ ಹೊರಟುಹೋಗುವುದು ನಮ್ಮಲ್ಲಿ ರೂಢಿಯಾಗಿದೆ. ಅದರಿಂದ ಅವನ ಆ ದಿನದ ಸಂಬಳ ಹೋದೀತೇ ಹೊರತು ನಲ್ಲಿ ರಿಪೇರಿಯಾಗುವುದಿಲ್ಲ. ಮ್ಯಾನೇಜರನ್ನು ಕರೆಯಿಸಿರಿ. ಈ ಮಹಡಿಗೆ ಎಷ್ಟು ಜನರನ್ನು ಇಟ್ಟಿದ್ದೀರಿ ಎಂದು ಮೆಲ್ಲಗೆ ಕೇಳಿರಿ. ಉತ್ತರವನ್ನು ದೂರಿನ ಪುಸ್ತಕದಲ್ಲಿ ತಾರೀಖು ಸಹಿತ ಬರೆದು ರುಜು ಮಾಡಿರಿ. ಪುಸ್ತಕವಿಲ್ಲವೆಂದರೆ ಯಜಮಾನರಿಗೆ ಅಂಚೆಯಲ್ಲಿ ಕಾಗದ ಹಾಕಿರಿ. ಹತ್ತು ಮಂದಿ ಗಿರಾಕಿಗಳು ಇದೇ ಪ್ರಶ್ನೆಯನ್ನು ಕೇಳಿದರೆ ಹನ್ನೊಂದನೆಯವನು ಬರುವ ಹೊತ್ತಿಗೆ ಆ ಮಹಡಿಯಲ್ಲಿ ಇನ್ನೊಬ್ಬ ಹುಡುಗನಿರುತ್ತಾನೆಂದು ನಮ್ಮ ನಂಬಿಕೆ. ನಾವು ನಮ್ಮ ಕಾಗದವನ್ನು ಈಗಾಗಲೇ ಕಳುಹಿಸಿದ್ದೇವೆ.